ಹಿಂದೆ ಚಾಚಿದ ಕೈ

ಆಗ ನನಗೆ ಇಪ್ಪತ್ತಾರೋ ಇಪ್ಪತ್ತೇಳೋ ವರ್ಷ. ನಮ್ಮಂಥವರು ಹುಟ್ಟಿದ ದಿನವನ್ನು ಯಾರೂ ಬರೆದಿಡುತ್ತಿರಲಿಲ್ಲ. ಒಂದು ವರ್ಷ ಆಚೀಚೆ ಆದರೆ ನೀವೇ ಸರಿಮಾಡಿಕೊಳ್ಳಿ. ಈ ಮಾತಿಗೆ ಈಗ ನಲವತ್ತೈದು ವರ್ಷವಾದರೂ ಆಗಿರಬೇಕು. ಇವತ್ತು ಅದು ನೆನಪಾಗಲು ಎದುರು ಜಾಗದ ಸಿಮೆಂಟಿನ ವಾಸನೆ ಕಾರಣ.

ರಾಯಚೂರಿನಲ್ಲಿ ನಮ್ಮ ಮನೆಯ ಎದುರು ಒಂದು ಮನೆ ಏಳುತ್ತಿದೆ. ಬೆಳಿಗ್ಗೆ ಒಣ ಇಟ್ಟಂಗಿಗೆ ನೀರು ಹೊಡೆದು, ಅದರ ಮೇಲೆ ಹಸಿ ಮಾಲು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಾಲು ಎಂದರೆ ಸಿಮೆಂಟು ಉಸುಕು ಕಲಸಿದ್ದು. ಕೆಲವರಿಗೆ ಮಲ್ಲಿಗೆ ಹಿಡಿಸುತ್ತದೆ, ನನಗೆ ಇದು. ಚಹಾ ಹಿಡಿದು ಕಟ್ಟೆಯ ಮೇಲೆ ಕೂತು ನೋಡುತ್ತೇನೆ. ಬರೀ ನೋಡುವುದಿಲ್ಲ, ತಪ್ಪೂ ಹುಡುಕುತ್ತೇನೆ. ಎಪ್ಪತ್ತು ದಾಟಿದ ಮೇಲೆ ಅದಕ್ಕಿಂತ ಒಳ್ಳೆಯ ಉದ್ಯೋಗ ಇನ್ನೇನಿದೆ? ಇವತ್ತು ಅಲ್ಲಿನ ಗೌಂಡಿ ಕುಕ್ಕರಗಾಲಲ್ಲಿ ಕೂತು, ಗೋಡೆಯಿಂದ ಕಣ್ಣು ತೆಗೆಯದೆ, ಎಡಗೈಯನ್ನು ಬೆನ್ನ ಹಿಂದಕ್ಕೆ ಚಾಚಿದ. ಹಿಂದೆ ನಿಂತಿದ್ದ ಅವನ ಹೆಂಡತಿ ಆ ಕೈಯಲ್ಲಿ ಇಟ್ಟಂಗಿ ಇಟ್ಟಳು. ನನ್ನ ಚಹಾ ಆರಿಹೋಯಿತು.

ನನ್ನ ಗಂಡನೂ ಗೌಂಡಿ. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ ನಮ್ಮ ಕಡೆ. ನರಸಪ್ಪ. ಹೇಳಿದೆ, ಏನೂ ಆಗಲಿಲ್ಲ. ಅವನದು ಮಾನ್ವಿ ತಾಲೂಕಿನ ಕಲ್ಲೂರು, ನನ್ನದು ದೇವದುರ್ಗದ ಕಡೆಯ ಮಸರಕಲ್. ಮದುವೆಯಾದ ಮರುವಾರವೇ ಬುಟ್ಟಿ ಹೊರಲು ತಲೆಯ ಮೇಲೆ ಸಿಂಬಿ ಇಟ್ಟು ಅವನ ಹಿಂದೆ ಕೆಲಸಕ್ಕೆ ನಡೆದೆ. ನಮ್ಮಲ್ಲಿ ಆಗ ಗೌಂಡಿಯನ್ನು ಒಬ್ಬನನ್ನೇ ಯಾರೂ ಕರೆಯುತ್ತಿರಲಿಲ್ಲ. ಜೋಡಿಯನ್ನು ಕರೆಯುತ್ತಿದ್ದರು. ಗಂಡ ಕೂತು ಕಟ್ಟುವುದು, ಹೆಂಡತಿ ನಿಂತು ಕೊಡುವುದು. ಅವನು ಹಿಂದೆ ತಿರುಗುವುದಿಲ್ಲ, ಬಾಯಿ ಬಿಡುವುದಿಲ್ಲ. ಕೈ ಹಿಂದಕ್ಕೆ ಬಂತೆಂದರೆ ಇಟ್ಟಂಗಿ. ಮಾಲು ಹರಡುವ ತಾಪಿಯಿಂದ ಬುಟ್ಟಿಗೆ ಟಣ್ ಎಂದು ಬಡಿದನೆಂದರೆ ಮಾಲು. ನಾವಿಬ್ಬರೂ ಬೆಳಗಿನಿಂದ ಸಂಜೆಯ ತನಕ ಜಗಳವಾಡದೆ ಇದ್ದದ್ದು ಕೆಲಸದಲ್ಲಿ ಮಾತ್ರ.

ಆದರೆ ಒಂದು ಮಾತು. ಕಟ್ಟುವ ತನಕ ನಾವು ಒಳಗೆ, ಕಟ್ಟಿದ ಮೇಲೆ ಹೊರಗೆ. ನಮ್ಮ ಕೇರಿ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ, ನಿಮಗೆ ಗೊತ್ತಾಗುತ್ತದೆ. ದೇವದುರ್ಗದಲ್ಲಿ ಒಬ್ಬರಿಗೆ ದೊಡ್ಡ ಮನೆ ಕಟ್ಟಿದೆವು. ಮನೆ ತುಂಬುವ ಕಾರ್ಯ ಮುಗಿದ ಮೇಲೆ, ಅಲ್ಲಿ ಮರೆತುಬಂದ ಉಸುಕಿನ ಜರಡಿ ತರಲು ಇಬ್ಬರೂ ಹೋದೆವು. ಹೊಸ್ತಿಲಿಗೆ ನನ್ನ ಕಾಲು ತಾಗುವ ಮೊದಲೇ ಮನೆಯ ಯಜಮಾನಿ ಒಳಗಿನಿಂದ ಕೂಗಿದಳು. “ಅಲ್ಲೇ ನಿಂದರಬೇ. ಜರಡಿ ನಾವೇ ಹೊರಗ ಇಡ್ತೀವಿ.” ಆ ಹೊಸ್ತಿಲ ಕೆಳಗಿನ ಮಾಲು ನಾನು ಕಲಸಿದ್ದು. ನಿಂತೆ. ಜರಡಿ ಬಂತು. ತೆಗೆದುಕೊಂಡು ಬಂದೆವು. ಬಸ್‌ಸ್ಟ್ಯಾಂಡು ಬಂದಾಗ ನರಸಪ್ಪ ಅಂದ: “ಕಟ್ಟಿದ ಮನಿಯೊಳಗ ಒಮ್ಮಿಯಾರ ಕಾಲಿಡಬೇಕು ನೋಡು.”

ಅದೇ ವರ್ಷ ರಾಯಚೂರಿನ ಖಾದರ್ ಸಾಬರ ಸುದ್ದಿ ಬಂತು. ಅವರದು ತೀನ್ ಕಂದೀಲ್ ಹತ್ತಿರ ಸೈಕಲ್ ಅಂಗಡಿ. ಮುಂಬಯಿಯ ಒಂದು ಕಂಪನಿಗೆ ಕೆಲಸದವರನ್ನು ಹೊಂದಿಸಿಕೊಡುತ್ತಿದ್ದರು. ಮಸ್ಕತ್ತಿನಲ್ಲಿ ದೊಡ್ಡ ದೊಡ್ಡ ಕಟ್ಟಡ ಏಳುತ್ತಿವೆ, ಗೌಂಡಿಗಳು ಬೇಕು, ವೀಸಾ ಕಂಪನಿಯೇ ಕೊಡುತ್ತದೆ, ವಿಮಾನದ ಟಿಕೇಟೂ ಅವರದೇ ಎಂದು ಹೇಳಿ ಕಳಿಸಿದರು. ಒಂದೇ ಷರತ್ತು, ಪರೀಕ್ಷೆ ಆಗಬೇಕು. ಪರೀಕ್ಷೆ ಎಂದರೆ ಸಾಲಿಯಲ್ಲಿ ಕೂತು ಬರೆಯುವುದಲ್ಲ. ಇಂಜಿನಿಯರ ಎದುರು ಗೋಡೆ ಕಟ್ಟಿ ತೋರಿಸಬೇಕು. ನರಸಪ್ಪ ನಕ್ಕ. ನಾನೂ ನಕ್ಕೆ. ಗೌಂಡಿಗೆ ಗೋಡೆಯ ಪರೀಕ್ಷೆಯೇ ಎಂದು.

ಅಕ್ಷರದ ಪರೀಕ್ಷೆಯಾಗಿದ್ದರೆ ನಗುತ್ತಿರಲಿಲ್ಲ. ನಾನು ಅಕ್ಷರ ಕಲಿತದ್ದು ಮುದುಕಿಯಾದ ಮೇಲೆ. ಈಗಲೂ ಒತ್ತಕ್ಷರ ಬಂದರೆ ಕೈ ನಿಲ್ಲುತ್ತದೆ. ಇಟ್ಟಂಗಿ ಒಂದರ ಮೇಲೊಂದು ಕೂರುತ್ತದೆ, ಇವು ಒಂದರ ಕೆಳಗೊಂದು ಜೋತುಬೀಳುತ್ತವೆ. ಯಾವ ಗೌಂಡಿ ಕಟ್ಟಿದನೋ.

ಹತ್ತಿ ಮಿಲ್ಲಿನ ಹಿಂದಿನ ಬಯಲಲ್ಲಿ ಪರೀಕ್ಷೆ. ಒಬ್ಬೊಬ್ಬ ಗೌಂಡಿಯ ಪಾಲಿಗೂ ಒಂದು ಇಟ್ಟಂಗಿ ರಾಶಿ, ಒಂದು ಮಾಲಿನ ಬುಟ್ಟಿ, ಒಂದು ದಾರ. ಹೆಂಗಸರೆಲ್ಲ ಗೇಟಿನ ಹೊರಗೆ. ನನ್ನ ಜೊತೆ ಈರಮ್ಮ ಇದ್ದಳು, ಮಾನ್ವಿಯವಳು, ನನ್ನಂತೆಯೇ ಮಾಲು ಹೊರುವವಳು. ಅವಳ ಗಂಡನೂ ಒಳಗಿದ್ದ. ಸೀಟಿ ಊದಿದರು. ನರಸಪ್ಪ ದಾರ ಕಟ್ಟಿದ, ತೂಗುಗುಂಡು ಬಿಟ್ಟು ನೋಡಿದ, ಕುಕ್ಕರಗಾಲಲ್ಲಿ ಕೂತು ಮಾಲು ಹರಡಿದ. ಎಷ್ಟು ಚೆಂದ ಹರಡಿದ ಅಂತೀರಿ. ಆಮೇಲೆ ಎಡಗೈ ಹಿಂದಕ್ಕೆ ಚಾಚಿದ.

ಕೈ ಅಲ್ಲೇ ಇತ್ತು.

ಗೇಟಿನ ಹೊರಗೆ ನನ್ನ ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ಈರಮ್ಮ ಅದನ್ನು ಹಿಡಿದು ಕೆಳಗಿಳಿಸಿದಳು. ಅವನ ಕೈ ಇನ್ನೂ ಹಾಗೇ ಇತ್ತು, ಬೆರಳು ಮಡಚುತ್ತಾ ಬಿಚ್ಚುತ್ತಾ. ಇಂಜಿನಿಯರು ಹತ್ತಿರ ಬಂದು ಏನು ಬೇಕೆಂದು ಹಿಂದಿಯಲ್ಲಿ ಕೇಳಿದರು. ನರಸಪ್ಪ ತಲೆಯೆತ್ತಿ, ಬಹಳ ಮರ್ಯಾದೆಯಿಂದ, ನಮ್ಮ ಮಾತಿನಲ್ಲೇ ಹೇಳಿದ. “ನನ್ನ ಹೇಣ್ತಿ ಹೊರಗ ನಿಂತಾಳ್ರಿ ಸಾಹೇಬ್ರ. ಸ್ವಲ್ಪ ಒಳಗ ಕರೀರಿ.”

ಬಯಲೆಲ್ಲ ನಕ್ಕಿತು. ಖಾದರ್ ಸಾಬರು ಹಿಂದಿಯಲ್ಲಿ ತಿಳಿಸಿ ಹೇಳಿದ ಮೇಲೆ ಇಂಜಿನಿಯರೂ ನಕ್ಕು, ಮಸ್ಕತ್ತಿನಲ್ಲಿ ಹೆಂಡತಿಗೆ ವೀಸಾ ಇಲ್ಲ ಎಂದರು. ನರಸಪ್ಪ ಆಮೇಲೆ ಎದ್ದು ಇಟ್ಟಂಗಿ ತರುವುದು, ಕೂರುವುದು, ಮತ್ತೆ ಏಳುವುದು. ಎದ್ದಾಗಲೆಲ್ಲ ಕೈಯ ಓಟ ತಪ್ಪುತ್ತಿತ್ತು, ಮಾಲು ಬಿಸಿಲಿಗೆ ಬಿಗಿಯುತ್ತಿತ್ತು. ಒಬ್ಬರೇ ಕಟ್ಟಿ ರೂಢಿಯಿದ್ದ ಉಳಿದವರ ಗೋಡೆ ಎದೆಯೆತ್ತರ ಬಂದಾಗ ಇವನದು ಮೊಣಕಾಲಿಗಿತ್ತು. ನೇರವಾಗಿತ್ತು, ಅದು ಬೇರೆ ಮಾತು. ಈರಮ್ಮನ ಗಂಡನದೂ ಅದೇ ಕಥೆ, ಅವನು ಬಾಯಿ ಬಿಡಲಿಲ್ಲ ಅಷ್ಟೇ. ಕಂಪನಿಯವರು ಎರಡು ತಿಂಗಳು ಬಿಟ್ಟು ಮತ್ತೆ ಬರುತ್ತಾರೆ, ಆಗ ನೋಡೋಣ ಎಂದು ಖಾದರ್ ಸಾಬರು ಸಮಾಧಾನ ಹೇಳಿದರು. ಈರಮ್ಮನ ಗಂಡ ಇದು ತನ್ನಿಂದಾಗದು ಎಂದು ಅಲ್ಲೇ ಬಿಟ್ಟ.

ನಮಗಿದ್ದದ್ದು ಆ ಎರಡು ತಿಂಗಳು. ಅದು ತಪ್ಪಿದರೆ ಮತ್ತೆ ಹೊರಗೆ ನಿಂತು ಜರಡಿ ಇಸಿದುಕೊಳ್ಳುವುದು.

ಕಲ್ಲೂರಿನಲ್ಲಿ ನಮ್ಮ ಗುಡಿಸಲ ಹಿಂದೆ, ಒಂದು ಬಿದ್ದ ಭಟ್ಟಿಯ ಒಡಕು ಇಟ್ಟಂಗಿ ತಂದು ಹಾಕಿದೆವು. ಸಿಮೆಂಟು ಎಲ್ಲಿಂದ ಬರಬೇಕು, ಕೆಸರನ್ನೇ ಮಾಲು ಮಾಡಿಕೊಂಡೆವು. ಕೂಲಿಗೆ ಹೋಗುವ ಮೊದಲು ದಿನಾ ಒಂದು ಗೋಡೆ ಕಟ್ಟುವುದು, ಕೆಡವುವುದು. ನಾನು ಕೈ ಕಟ್ಟಿ ಕೂರುತ್ತಿದ್ದೆ. ಅವನ ಎಡಗೈ ಮಾತ್ರ ಕೇಳುತ್ತಿರಲಿಲ್ಲ, ಹಿಂದಕ್ಕೆ ಬರುತ್ತಲೇ ಇತ್ತು. ಒಂದು ದಿನ ಸಿಟ್ಟು ಬಂದು ಆ ಕೈಯಲ್ಲಿ ಒಂದು ಹಿಡಿ ಹಸಿ ಸಗಣಿ ಇಟ್ಟೆ. ಅವನು ನೋಡದೆ ಅದನ್ನು ಗೋಡೆಯ ಮೇಲಿಟ್ಟು ತಾಪಿಯಿಂದ ಬಡಿದ. ಮುಖಕ್ಕೆಲ್ಲ ಸಿಡಿಯಿತು. ಆವತ್ತು ಅವನು ಉಣ್ಣಲಿಲ್ಲ. ಆದರೆ ಮರುದಿನದಿಂದ ಕೈ ಹಿಂದಕ್ಕೆ ಹೋಗುವಾಗ ಸ್ವಲ್ಪ ಯೋಚಿಸುತ್ತಿತ್ತು.

ನನ್ನ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಕಟ್ಟೂದ್ಯಾಕ, ಕೆಡವೂದ್ಯಾಕ? ಗಂಡ ಹೇಣ್ತಿ ಇಬ್ಬರಿಗೂ ಒಮ್ಮೆಗೇ ತಲಿ ಕೆಟ್ಟದೇನು?”

ಇಟ್ಟಂಗಿಯನ್ನು ಎಡಕ್ಕೆ ಕೈಗೆಟಕುವಂತೆ, ಮಾಲನ್ನು ಬಲಕ್ಕೆ, ಮೊದಲೇ ಜೋಡಿಸಿಕೊಂಡು ಕೂರಬೇಕು ಎಂದು ಅವನಿಗೆ ಹೊಳೆಯಿತು. ಆದರೂ ಓಟ ಬರಲಿಲ್ಲ. ಒಬ್ಬನೇ ಕಟ್ಟಿದರೆ ನಿಧಾನವೋ ಬೇಗವೋ ಹೇಗೆ ಗೊತ್ತಾಗಬೇಕು? ಎದುರಿಗೊಬ್ಬರು ಬೇಕು. ಕೇರಿಯ ಉಳಿದ ಗೌಂಡಿಗಳು ಬೆಳಿಗ್ಗೆ ಪುಕ್ಕಟೆ ಗೋಡೆ ಕಟ್ಟಲು ಬರುತ್ತಾರೆಯೇ? ಹಾಗಾಗಿ ದಾರದ ಆ ತುದಿಗೆ ನಾನೇ ಕೂತೆ.

ನಮ್ಮಲ್ಲಿ ಹೆಂಗಸು ತಾಪಿ ಹಿಡಿಯುವಂತಿಲ್ಲ. ಹಿಡಿದರೆ ಗೋಡೆ ನಿಲ್ಲುವುದಿಲ್ಲವಂತೆ. ಅತ್ತೆ ಬಾಯಿ ಬಡಿದುಕೊಂಡಳು. “ಹೆಂಗೂ ಕೆಡವೂ ಗ್ವಾಡಿ ಅತ್ತಿ. ನಿಂತರೇನು, ಬಿದ್ದರೇನು” ಅಂದೆ. ನರಸಪ್ಪನಿಗೂ ಮನಸ್ಸಿರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ನನ್ನ ಮೊದಲ ಗೋಡೆ ಕುಡುಕನ ಹಾಗೆ ವಾಲಿತು. ಅವನು ನಕ್ಕ. ನಕ್ಕವನು ಕಲಿಸಿದ. “ಕಣ್ಣಿನ ಮಾತು ಕೇಳಬ್ಯಾಡ, ಗುಂಡಿನ ಮಾತು ಕೇಳು. ಇಟ್ಟಂಗಿ ಬಡೀಬ್ಯಾಡ, ಕುಂದ್ರಸು.” ದಿನ ಕಳೆದ ಹಾಗೆ ನನ್ನ ಗೋಡೆ ನೆಟ್ಟಗಾಯಿತು. ಅವನ ಗೋಡೆಗೆ ಓಟ ಬಂತು, ಯಾಕೆಂದರೆ ಹೆಂಡತಿಗೆ ಸೋಲುವುದು ಯಾವ ಗಂಡಸಿಗೂ ಆಗಿಬರುವುದಿಲ್ಲ. ಒಂದು ದಿನ ನಾನು ಮೂಲೆ ತಿರುಗಿಸಿ ತಲೆಯೆತ್ತಿದರೆ ಅವನು ತನ್ನ ಗೋಡೆ ಮುಗಿಸಿ, ಕೈ ತೊಳೆದು, ಬೀಡಿ ಸೇದುತ್ತಾ ಕೂತಿದ್ದ. ನನ್ನನ್ನು ಸೋಲಿಸಿದನೆಂದು ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಎರಡನೆಯ ಪರೀಕ್ಷೆಗೆ ನನ್ನನ್ನು ಬರಬೇಡ ಅಂದ. ನಾನು ಹತ್ತಿರವಿದ್ದರೆ ಕೈ ಹಿಂದಕ್ಕೆ ಬರುತ್ತದಂತೆ. ಸರಿ ಎಂದು ಮಾನ್ವಿಯಲ್ಲಿ ಈರಮ್ಮ ಇದ್ದ ಕೆಲಸಕ್ಕೇ ಹೋಗಿ ಬೇರೆ ಗೌಂಡಿಯ ಕೈಕೆಳಗೆ ಮಾಲು ಹೊತ್ತೆ. ಮನಸ್ಸೆಲ್ಲ ಹತ್ತಿ ಮಿಲ್ಲಿನ ಹಿಂದಿತ್ತು, ಆ ಗೌಂಡಿ ಕೇಳದಿದ್ದಾಗಲೂ ಇಟ್ಟಂಗಿ ಕೊಟ್ಟು ಬೈಸಿಕೊಂಡೆ. ಸಂಜೆ ನರಸಪ್ಪ ಬಸ್ಸಿಳಿದು ಗುಡಿಸಲಿಗೆ ಬಂದ. ಮುಖದಲ್ಲಿ ಏನೂ ಇಲ್ಲ. ಕೂತ. ಕೂತಲ್ಲಿಂದಲೇ ನೀರಿಗೆಂದು ಕೈ ಹಿಂದಕ್ಕೆ ಚಾಚಿದ. ಆದರೆ ಆ ಕೈ ಅರ್ಧಕ್ಕೇ ನಿಂತಿತು. ಅವನು ಎದ್ದು ಹೋಗಿ, ಕೊಡದಿಂದ ತಾನೇ ನೀರು ತುಂಬಿಕೊಂಡು ಕುಡಿದು, ಚೆಂಬು ಬೋರಲು ಹಾಕಿದ.

“ಪಾಸಾತು” ಅಂದ.

ಪಾಸ್‌ಪೋರ್ಟು, ಡಾಕ್ಟರ ತಪಾಸಣೆ, ವೀಸಾ ಎಂದು ಇನ್ನಷ್ಟು ತಿಂಗಳು ಹೋದವು. ಕೊನೆಗೆ ಒಂದು ಮಧ್ಯಾಹ್ನ ರಾಯಚೂರು ಸ್ಟೇಷನ್ನಿನಲ್ಲಿ ಮುಂಬಯಿ ರೈಲು ಹತ್ತಿದ. ನಮ್ಮ ಕೇರಿಯಿಂದ ಸಮುದ್ರ ದಾಟಿದವನು ಅವನೇ ಮೊದಲು. ನಾನು ಅಳಲಿಲ್ಲ, ಅವನೂ ಅಳಲಿಲ್ಲ. ಅತ್ತೆ ಇಬ್ಬರ ಪಾಲನ್ನೂ ಅತ್ತಳು. ರೈಲು ಅಲುಗಿದಾಗ ಕಿಟಕಿಯಿಂದ ಅಂದ: “ಹತ್ಯಾರ ಕಂಪನಿಯವ್ರೇ ಕೊಡ್ತಾರ. ನನ್ನ ತಾಪಿ ಗೂಟಕ್ಕ ಅದ.”

“ನೋಡೀನಿ” ಅಂದೆ.

ಅವನು ಅಲ್ಲಿ ಕಟ್ಟಿದ ಮೊದಲ ಕಟ್ಟಡ ಆರು ಮಹಡಿಯದು. ಅದು ಮುಗಿದ ಮೇಲೆ ಕಂಪನಿಯವರು ಅವನನ್ನು ಬೇರೆ ಕಡೆ ಕಳಿಸಲಿಲ್ಲ. ಯಾವ ಗೋಡೆಯೊಳಗೆ ಯಾವ ಪೈಪು ಹೋಗಿದೆ ಎಂದು ಕಟ್ಟಿದವನಿಗೇ ಗೊತ್ತು, ನೀನೇ ನೋಡಿಕೋ ಎಂದು ಅದರ ಉಸ್ತುವಾರಿಗೇ ಇಟ್ಟುಕೊಂಡು, ವೀಸಾವನ್ನೂ ಮುಂದುವರಿಸಿದರು. ನೀರಿನ ಟಾಕಿ, ಪಂಪು, ಸೋರುವ ನಲ್ಲಿ, ಖಾಲಿಯಾದ ಮನೆ, ಬರುವ ಬಾಡಿಗೆಯವರು, ಎಲ್ಲ ಅವನ ಜಿಮ್ಮೆ. ನನಗೆ ಕಾಗದ ಓದಲು ಬರುತ್ತಿರಲಿಲ್ಲವೆಂದು ಊರಿಗೆ ಬರುವವರ ಕೈಯಲ್ಲಿ ಟೇಪು ಕಳಿಸುತ್ತಿದ್ದ. ಖಾದರ್ ಸಾಬರ ಅಂಗಡಿಯಲ್ಲಿ ಸೈಕಲ್ಲುಗಳ ನಡುವೆ ನಿಂತು ಕೇಳುತ್ತಿದ್ದೆ. ಒಂದು ಟೇಪಿನಲ್ಲಿ ಬಹಳ ಹೊತ್ತು ಮಾತಿಲ್ಲ, ಬರೀ ಗಿಲಗಿಲ ಸಪ್ಪಳ. ಕೆಟ್ಟಿದೆ ಎಂದು ಖಾದರ್ ಸಾಬರು ನಿಲ್ಲಿಸಲು ಹೋದರು. ಅಷ್ಟರಲ್ಲಿ ದನಿ ಬಂತು. “ಕೇಳಾಕತ್ತೀಯೇನು? ಕೀಲಿಕೈ ಇವು. ಎಲ್ಲಾ ಮನಿವೂ ನನ್ನ ಸೊಂಟಕ್ಕ ಅವ. ಯಾರೂ ಹೊರಗ ನಿಂದ್ರು ಅನ್ನಂಗಿಲ್ಲ.” ಖಾದರ್ ಸಾಬರು ಮುಖ ಆಚೆ ತಿರುಗಿಸಿ ಯಾವುದೋ ಚಕ್ರಕ್ಕೆ ಗಾಳಿ ಹೊಡೆಯತೊಡಗಿದರು. ನಾನು ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದೆ.

ಈಗ ನರಸಪ್ಪ ಒಳಗೆ ಮಲಗಿದ್ದಾನೆ. ಕಿವಿ ಮಂದ, ಬಾಯಿ ಜೋರು. ನಾವಿರುವ ಈ ಮನೆಯ ಗೋಡೆಗಳನ್ನು ಅವನು ಕಟ್ಟಲಿಲ್ಲ, ಆಗ ಅವನು ಮಸ್ಕತ್ತಿನಲ್ಲಿದ್ದ. ರಜೆಗೆ ಬಂದವನು ಪ್ರತಿ ಮೂಲೆಗೂ ಗುಂಡು ಬಿಟ್ಟು ನೋಡಿದ, ಏನೂ ಅನ್ನಲಿಲ್ಲ. ಗೌಂಡಿ ಏನೂ ಅನ್ನದಿದ್ದರೆ ಅದೇ ಹೊಗಳಿಕೆ. ಇವತ್ತು ನಾನು ಆರಿದ ಚಹಾ ಚೆಲ್ಲಿ ಎದುರಿನ ಕೆಲಸದ ಜಾಗಕ್ಕೆ ಹೋದೆ. ಇಟ್ಟಂಗಿ ಕೊಡುತ್ತಿದ್ದ ಆ ಹೆಂಗಸನ್ನು, ನಿನಗೆ ಕಟ್ಟಲು ಬರುತ್ತದೇನು ಎಂದು ಕೇಳಿದೆ. ಅವಳು ಗಂಡನ ಬೆನ್ನು ನೋಡಿ ನಕ್ಕಳು. ನಾಳೆ ಬೆಳಿಗ್ಗೆ ಸ್ವಲ್ಪ ಮೊದಲೇ ಬಾ ಎಂದು ಹೇಳಿ ಬಂದಿದ್ದೇನೆ. ನನ್ನ ಮೊಣಕಾಲು ಮಡಚುವುದಿಲ್ಲ, ಬಾಯಿಂದಲೇ ಕಲಿಸಬೇಕು.

ಅವಳಿಗೆ ಮೊದಲು ಹೇಳಬೇಕೆಂದಿರುವುದು, ನರಸಪ್ಪ ರೈಲು ಹತ್ತಿದ ಮರುದಿನ ಬೆಳಿಗ್ಗೆಯ ಮಾತು. ಆವತ್ತು ಗೂಟದಿಂದ ತಾಪಿ ತೆಗೆದುಕೊಂಡೆ, ಸಿಂಬಿಯನ್ನು ಅಲ್ಲೇ ನೇತುಹಾಕಿದೆ. ಮಾನ್ವಿಯ ಕೆಲಸದ ಜಾಗದಲ್ಲಿ ಮೇಸ್ತ್ರಿ ನನ್ನ ಕೈಯಲ್ಲಿದ್ದದ್ದನ್ನು ನೋಡಿ, “ಏನ್ ಬೇ, ಗಂಡ ಹೋದನಂತ ತಾಪಿ ಮಾರಾಕ ತಂದೀಯೇನು?” ಅಂದ. ಗೌಂಡಿಗಳೆಲ್ಲ ನಕ್ಕರು. ನಾನು ದಾರ ಕಟ್ಟಿದೆ, ಗುಂಡು ಬಿಟ್ಟೆ, ಕುಕ್ಕರಗಾಲಲ್ಲಿ ಕೂತು ಮಾಲು ಹರಡಿದೆ. ಇಟ್ಟಂಗಿ ಎಡಕ್ಕೇ ಇತ್ತು, ಕೈಗೆಟಕುವಷ್ಟು ಹತ್ತಿರ. ಆದರೂ ಎಡಗೈಯನ್ನು ಬೆನ್ನ ಹಿಂದಕ್ಕೆ ಚಾಚಿ ಹಾಗೇ ಹಿಡಿದೆ. ನಗು ನಿಂತಿತು. ನಾನು ತಿರುಗಿ ನೋಡಲಿಲ್ಲ. ಆಮೇಲೆ ಈರಮ್ಮನ ಬಳೆ ಸಪ್ಪಳವಾಯಿತು, ಅಂಗೈಗೆ ಇಟ್ಟಂಗಿ ಬಂತು. ಅದನ್ನು ಬಡಿಯಲಿಲ್ಲ, ಕೂರಿಸಿದೆ.