ಆಶಾರಾಣಿ ಮೇಡಂ ಕೇಳಿದ ಸಾಕ್ಷಿ

ನಂಜನಗೂಡಿನ ಹೈಸ್ಕೂಲೊಂದರಲ್ಲಿ ಲೆಕ್ಕ ಕಲಿಸುವ ಆಶಾರಾಣಿ ಮೇಡಂಗೆ ಐವತ್ತೊಂದು ವರ್ಷ. ಮದುವೆಯಾಗಿಲ್ಲ. ಆದರೂ ತಿಂಗಳಿಗೆರಡು ಶನಿವಾರ ಬಸ್ಸು ಹತ್ತಿ ತಿ. ನರಸೀಪುರಕ್ಕೆ ಹೋಗಿ, ಚರ್ಚಿನ ಪಕ್ಕದ ಶೀಟು ಹೊದಿಸಿದ ಹಾಲ್‌ನಲ್ಲಿ ಮದುವೆಯಾಗುವವರಿಗೆ ಪಾಠ ಹೇಳುತ್ತಾರೆ. ಈಜು ಬಾರದವಳು ಈಜು ಕಲಿಸುತ್ತಾಳೆ ಎಂದು ನಗುವವರಿದ್ದಾರೆ. ನಗಲಿ. ಅವರ ಪಾಠಕ್ಕೆ ಕೂತವರು ಮಾತ್ರ ಯಾರೂ ನಗುವುದಿಲ್ಲ.

ಕ್ಯಾಥೊಲಿಕ್ ಹುಡುಗಿಯ ಕೈಹಿಡಿಯಲು ಬರುವ ಹುಡುಗರಲ್ಲಿ ಅರ್ಧಕ್ಕರ್ಧ ಬೇರೆ ಧರ್ಮದವರು. ಅವರೆದುರು ನೀವು ಬೈಬಲ್ ತೆರೆದರೆ ಅವರು ಮೊಬೈಲ್ ತೆರೆಯುತ್ತಾರೆ. ಹಾಗಾಗಿ ಮೇಡಂ ದೇವರ ಹೆಸರೆತ್ತುವುದೇ ಇಲ್ಲ. ಮದುವೆಗೆ ಮುಂಚೆ ಮೈಸಂಬಂಧ ಬೇಡ, ಮದುವೆಯ ಆಚೆ ಬೇಡ, ಮಗು ಬರುವ ದಾರಿಗೆ ಅಡ್ಡ ಹಾಕಬೇಡಿ ಎಂದು ಚರ್ಚು ಹೇಳುವುದನ್ನೆಲ್ಲ ಬರೀ ಬುದ್ಧಿಯ ಬಲದಿಂದ ಒಪ್ಪಿಸಬೇಕೆಂಬ ಹಟ ಅವರದು. ಕೊನೆಯದನ್ನು ಹುಡುಗಿಯರೇ ಒಪ್ಪುವುದಿಲ್ಲ. ಮೊದಲನೆಯದನ್ನು ಹೇಳುವಾಗ ಮಾತ್ರ ಮೇಡಂ ದನಿ ಬೇರೆಯಾಗುತ್ತದೆ.

ಕಳೆದ ಆಗಸ್ಟಿನ ಒಂದು ಶನಿವಾರ ಶಾಂತಿ ಎಂಬ ಹುಡುಗಿ ತಾನು ಮದುವೆಯಾಗಲಿರುವ ಬಸವಪ್ರಸಾದನನ್ನು ಕರೆದುಕೊಂಡು ಬಂದಳು. ಅವನ ಹಿಂದೆ ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ ಅವನಪ್ಪ, ಮೂಗೂರಿನ ಬೆಲ್ಲದ ವ್ಯಾಪಾರಿ ಮಲ್ಲಿಕಾರ್ಜುನ್. ಅವನನ್ನು ಕಂಡದ್ದೇ ಮೇಡಂ ಕೈಯ ಸೀಮೆಸುಣ್ಣ ಎರಡು ತುಂಡಾಯಿತು.

ಇಪ್ಪತ್ತೇಳು ವರ್ಷದ ಹಿಂದೆ ಮೈಸೂರಿನಲ್ಲಿ ಬಿ.ಎಡ್. ಓದುವಾಗ ಇದೇ ಮಲ್ಲಿಕಾರ್ಜುನ್ ಅವರಿಗೆ ಮದುವೆಯ ಮಾತು ಕೊಟ್ಟಿದ್ದ. ಆ ಮಾತನ್ನು ನಂಬಿ ಆಶಾರಾಣಿ ತಮ್ಮನ್ನೇ ಕೊಟ್ಟಿದ್ದರು. ಎರಡು ತಿಂಗಳಿಗೆ ಅವನು ತನ್ನವರಲ್ಲೇ ಹೆಣ್ಣು ನೋಡಿ ಹಸೆಮಣೆ ಏರಿದ. ಹೋಗಲಿ ಎನ್ನಬಹುದಿತ್ತು. ಆದರೆ ‘ನಾನೇನ್ ಕರುದ್ನಾ? ಅವ್ಳೇ ಬಂದ್ಲು’ ಎಂದು ಗೆಳೆಯರ ಮುಂದೆ ಹಲ್ಲು ಕಿರಿದನಲ್ಲ, ಆ ಮಾತು ಆಶಾರಾಣಿಯ ಅಪ್ಪನ ಕಿವಿಗೆ ಬಿತ್ತು. ಅಪ್ಪ ಸಾಯುವವರೆಗೂ ಮಗಳ ಮುಖ ನೋಡಿ ಮಾತಾಡಲಿಲ್ಲ. ಮಾತು ಕೊಟ್ಟಿದ್ದೆ ಎಂದು ಆ ಪಾಪಿ ತನ್ನ ಬಾಯಿಂದ, ತನ್ನವರ ಎದುರು ಒಪ್ಪಿಕೊಳ್ಳಬೇಕು. ಮೇಡಂಗೆ ಬೇಕಿದ್ದದ್ದು ಅಷ್ಟೇ, ಅದಕ್ಕೇ ಹಲ್ಲು ಕಚ್ಚಿ ಕಾದಿದ್ದರು.

“ನಮಸ್ಕಾರ ಮೇಡಂ,” ಎಂದ ಮಲ್ಲಿಕಾರ್ಜುನ್, ಈಗಷ್ಟೇ ಕಂಡವನ ಹಾಗೆ. ಇಷ್ಟು ವರ್ಷ ಬಾಯಿ ಬಿಡದವಳು ಇನ್ನೇನು ಬಿಟ್ಟಾಳು ಎಂಬ ಧೈರ್ಯ. “ದ್ಯಾವ್ರು ಗೀವ್ರು ಅನ್ಬ್ಯಾಡಿ ಕಣ್ರೀ. ನಾವು ಇಚಾರ ಮಾಡೋ ಜನ, ಬುದ್ಧಿಗೆ ಅತ್ತೋ ಅಂಗೆ ಏಳಿ. ಉಡ್ಗ ಉಡ್ಗಿ ಇಬ್ರೂ ಒಪ್ಕಂಡ್ರೆ ಮುಗೀತಲ್ವಾ? ನಡುವೆ ನಿಮ್ ಚರ್ಚಿಗೇನ್ ಕೆಲ್ಸ?”

ಕೇಳಿದ್ದು ಯಾರು, ಕೇಳಿದ್ದು ಯಾರನ್ನು! ಮೇಡಂ ಒಳಗೊಳಗೇ ಕುದಿದರು. ದನಿ ಮಾತ್ರ ಏರಿಸಲಿಲ್ಲ.

“ಒಪ್ಪಿದ್ದು ಯಾವುದಕ್ಕೆ ಅಂತ ಕೇಳ್ಬೇಕಲ್ವಾ ಸಾರ್? ನೀವು ಬೆಲ್ಲದ ಮಂಡಿಯೋರು. ಮೇಲೆ ಒಳ್ಳೇ ಅಚ್ಚು ತೋರ್ಸಿ ಕೆಳಗೆ ಕೆಟ್ಟಿದ್ದು ತುಂಬಿದ್ರೆ, ಕೊಂಡೋನು ಒಪ್ಪಿದ್ದ ಅಂತೀರಾ? ಅವಳು ಇಡೀ ಬದುಕಿಗೆ ಒಪ್ಪಿರ್ತಾಳೆ, ಅವನು ಒಂದು ಮಧ್ಯಾಹ್ನಕ್ಕೆ ಒಪ್ಪಿರ್ತಾನೆ. ಮೈ ‘ನಾನು ಪೂರ್ತಿ ನಿನ್ನವನು’ ಅಂತಿರುತ್ತೆ, ಮನಸ್ಸು ಬಸ್ಸಿನ ಟೈಮು ನೋಡ್ತಿರುತ್ತೆ. ಅದು ಸುಳ್ಳು ತಾನೇ? ಸುಳ್ಳು ತಪ್ಪು ಅನ್ನೋಕೆ ದೇವ್ರು ಬೇಕಾ? ಮನುಷ್ಯರನ್ನ ಬಳಸಿ ಬಿಸಾಕ್ಬಾರ್ದು ಅನ್ನೋಕೆ ಬೈಬಲ್ ಬೇಕಾ? ಅದಕ್ಕೇ ಮೊದಲು ಹತ್ತು ಜನರ ಮುಂದೆ ಮಾತು ಕೊಡಿ, ಆಮೇಲೆ ಮೈ ಕೊಡಿ ಅನ್ನೋದು. ಹಂಗೆ ಮಾಡಿದ್ರೆ ‘ಅವ್ಳೇ ಬಂದ್ಲು’ ಅಂತ ಯಾವನೂ ಹೇಳ್ಕೊಂಡು ತಿರುಗಕ್ಕಾಗಲ್ಲ.”

ಮಲ್ಲಿಕಾರ್ಜುನನ ಮುಖ ಕಪ್ಪಿಟ್ಟಿತು. ಮಗ ಮಾತ್ರ, “ಸರಿಯಾಗೇ ಅದೆ ಮೇಡಂ,” ಎಂದ.

ಪಾಠ ಮುಗಿದ ಮೇಲೆ ಫಾರಂ ತುಂಬಬೇಕು. ಫಾದರ್‌ಗೆ ಐದು ಊರಿನ ಪೂಜೆ, ಹಾಗಾಗಿ ಬರೆಯುವ ಕೆಲಸ ಮೇಡಂದು. ಈ ಹುಡುಗ ಬೇರೆ ಯಾರಿಗೂ ಮದುವೆಯ ಮಾತು ಕೊಟ್ಟಿಲ್ಲವೆಂದು ಗಂಡಿನ ಕಡೆಯವರೊಬ್ಬರು ಆತ್ಮಸಾಕ್ಷಿಯಾಗಿ ಹೇಳಬೇಕು. ಆ ಸಾಕ್ಷಿಯ ಮಾತನ್ನು ನಂಬಬಹುದೇ ಎಂದು ಅದರ ಕೆಳಗೆ ಬರೆಯುವವರು ತುಂಬಬೇಕು. ‘ಇಲ್ಲ’ ಎಂದರೆ ಫಾರಂ ಮುಂದೆ ಹೋಗುವುದಿಲ್ಲ.

“ನನ್ ಮಗ ಯಾರ್ಗೂ ಮಾತು ಕೊಟ್ಟಿಲ್ಲ. ಬರ್ಕಳಿ,” ಎಂದ ಮಲ್ಲಿಕಾರ್ಜುನ್.

ಮೇಡಂ ಬರೆದುಕೊಂಡರು. ಕೆಳಗಿನ ಕಾಲಮ್ಮಿನಲ್ಲಿ ದಪ್ಪ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದು ಕಾಗದವನ್ನು ಮಗನ ಕಡೆ ತಿರುಗಿಸಿದರು.

“ನಮ್ಮಪ್ಪನ ಮಾತು ನಂಬಕ್ಕಾಗಲ್ಲ ಅಂತ ಬರ್ದಿದ್ದೀರಾ ಮೇಡಂ?” ಬಸವಪ್ರಸಾದ ದಂಗಾದ.

“ಯಾಕೆ ಅಂತ ಅವರನ್ನೇ ಕೇಳಿ.”

ಶಾಂತಿಯ ಕಣ್ಣು ತುಂಬಿತು. ಮದುವೆಗೆ ಉಳಿದಿದ್ದದ್ದು ಹದಿನೆಂಟು ದಿನ. ಮನುಷ್ಯರನ್ನು ಬಳಸಬಾರದೆಂದು ಈಗತಾನೆ ಹೇಳಿ ಈ ಹುಡುಗಿಯನ್ನೇ ದೊಣ್ಣೆಯಾಗಿ ಹಿಡಿದಿದ್ದೇನಲ್ಲ ಎಂದು ಮೇಡಂಗೆ ಗೊತ್ತಾಯಿತು. ನಾಚಿಕೆಯೂ ಆಯಿತು. ಆದರೂ ಬರೆದದ್ದನ್ನು ಹೊಡೆದುಹಾಕಲಿಲ್ಲ.

“ಬ್ಯಾರೆ ಸಾಕ್ಷಿ ಕರ್ಕಂಡ್ ಬತ್ತೀನಿ, ನಡೀರ್ಲಾ,” ಎಂದು ಮಲ್ಲಿಕಾರ್ಜುನ್ ಎದ್ದ.

“ಬ್ಯಾರೆಯೋರು ಬ್ಯಾಡ. ಅದೇನು ಅಂತ ನೀನೇ ಏಳಪ್ಪ,” ಎಂದ ಮಗ. ಅವನು ಕುರ್ಚಿ ಬಿಟ್ಟು ಅಲುಗಲಿಲ್ಲ.

ಮಲ್ಲಿಕಾರ್ಜುನ್ ಬಾಗಿಲು ನೋಡಿದ, ಮಗನನ್ನು ನೋಡಿದ, ಮತ್ತೆ ಕೂತ. “ಇವ್ರಿಗೆ... ಇವ್ರಿಗೆ ಮದ್ವೆ ಆಯ್ತೀನಿ ಅಂತ ಮಾತು ಕೊಟ್ಟಿದ್ದೆ ಕಣೋ. ನಿಮ್ಮವ್ವನ್ನ ನೋಡೋಕ್ ಮುಂಚೆ. ಆಮೇಲೆ ಅವ್ಳೇ ಬಂದ್ಲು ಅಂತ ಊರೆಲ್ಲಾ ಸುಳ್ಳೇಳ್ದೆ.”

ಸ್ವರ್ಗಕ್ಕೆ ಮೂರೇ ಗೇಣು ಎನ್ನುತ್ತಾರಲ್ಲ, ಮೇಡಂಗೆ ಆಗ ಒಂದೇ ಗೇಣು. ಅಪ್ಪ ಇದನ್ನು ಕೇಳಲು ಇಲ್ಲವಲ್ಲ ಎಂಬ ಸಂಕಟವೂ ಅದರ ಬೆನ್ನಿಗೇ ಬಂತು. ಬಸವಪ್ರಸಾದ ಅಪ್ಪನ ಕಡೆ ತಿರುಗಿಯೂ ನೋಡದೆ ಶಾಂತಿಯ ಕೈಹಿಡಿದು ಹೊರಗೆ ಹೋದ. ಮೇಡಂ ‘ಇಲ್ಲ’ವನ್ನು ಹೊಡೆದುಹಾಕಿ ‘ಹೌದು’ ಎಂದು ಬರೆದು, ಪಕ್ಕದಲ್ಲಿ ಅಂದಿನ ತಾರೀಕು ಹಾಕಿದರು.

“ಆಶಾ,” ಎಂದ ಮಲ್ಲಿಕಾರ್ಜುನ್. ಇಪ್ಪತ್ತೇಳು ವರ್ಷದ ಮೇಲೆ ಅವನ ಬಾಯಲ್ಲಿ ಆ ಹೆಸರು ಬಂದಿತ್ತು. “ಕ್ಷಮ್ಸಿದ್ದೀನಿ ಅಂತ ಒಂದ್ ಮಾತು ಏಳು.”

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು.

“ಈ ಫಾರಂನಲ್ಲಿ ಆ ಕಾಲಂ ಇಲ್ಲ ಸಾರ್.”