ಕುಂಕುಮ ಹಚ್ಚಿದ ಡಿಸ್ಕ್

ಟ್ರಂಕಿನಲ್ಲಿ ಅತ್ತೆಯ ಮದುವೆಯ ಡಿಸ್ಕ್ ಸಿಕ್ಕಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ತೀರಿಹೋದ ಅಜ್ಜ ನಡೆದಾಡುವುದು ಅದೊಂದರಲ್ಲೇ.

ಎಷ್ಟೋ ವರ್ಷಗಳ ಹಿಂದೆ ಬಮ್ಮಿಗಟ್ಟಿಯ ನಮ್ಮ ಮನೆಯ ಡಿವಿಡಿ ರೆಕಾರ್ಡರ್, ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಯ ಮರುದಿನ ಬೇರೆಲ್ಲ ಡಿಸ್ಕ್ ಓಡಿಸಿತು, ಇದನ್ನು ಮಾತ್ರ ಹೊರಗೆ ದಬ್ಬಿತು. ಕಾಕಾ ಮುಚ್ಚಳ ಬಿಚ್ಚಿ ಲೆನ್ಸ್ ಒರೆಸಿದರು, ವೈರು ಬದಲಿಸಿದರು, ಪೆಟ್ಟಿಗೆಗೆ ಎರಡು ಗುದ್ದೂ ಕೊಟ್ಟರು. ನಾನು ಬಾಗಿಲಿಗೂ ಟಿವಿಗೂ ಅಡ್ಡಾಡುತ್ತಿದ್ದೆ. ಕೊನೆಗೆ ಡಿಸ್ಕ್ ತಿರುವಿ ನೋಡಿದರೆ ಹೊಳೆಯುವ ಮೈಮೇಲೆ ಅರಿಶಿನ, ಕುಂಕುಮ.

"ಅದರಾಗ ನಿಮ್ಮಪ್ಪ ಅದಾರ. ಕೊಡ್ಲಿ, ಕುಡಗೋಲಿಗೆ ಹಚ್ಚಿ ಅವರನ್ನ ಹಂಗ ಬಿಡ್ಲೇನು?" ಅಂದಳು ಅಜ್ಜಿ, ಕಾಕಾನಿಗೆ. "ಒರಸಬ್ಯಾಡ."

ಕಾಕಾ ಒರೆಸಲಿಲ್ಲ; ಡಿಸ್ಕ್ ಹಾಗೇ ಟ್ರಂಕು ಸೇರಿತು.

ಇವತ್ತು ಕಲಘಟಗಿಯ ರಿಪೇರಿ ಅಂಗಡಿಯವನು, "ಒರಸಿ ಕೊಡ್ರಿ, ನೋಡೂಣು" ಅಂದ. ಒರೆಸಿದರೆ ಅಜ್ಜ ಬರಬಹುದು. ಆದರೆ ಅಜ್ಜಿಯೂ ಈಗಿಲ್ಲ; ಒಣಗಿದ ಕುಂಕುಮದಲ್ಲಿ ಅವಳ ಬೆರಳಿನ ಗೆರೆಗಳು ಹಾಗೇ ಇವೆ.

ಅಂಗಡಿಯ ಮುಂದೆ ಅಡ್ಡಾಡುತ್ತಿದ್ದೇನೆ.