ಹುಣ್ಣು ಮಾಯ್ದದ್ದಕ್ಕೆ ಹೋಳಿಗೆ ಊಟ

ಕಳೆದ ತಿಂಗಳು ಗೋವಾದ ಡಿಚೋಲಿಯಲ್ಲಿ ಪುಕ್ಕಟೆ ಹೋಳಿಗೆ ಊಟ ಹೊಡೆದೆ. ಕರೆದವನು ಬಸಪ್ಪ. ಗದಗ ಕಡೆಯವನು, ಗಣಿಯ ಟ್ರಕ್ ಡ್ರೈವರ್. (ಹೆಸರು ಬದಲಿಸಿದ್ದೇನೆ, ಹೋಳಿಗೆ ಖರೆ.) ಯಾತಕ್ಕೆ ಊಟ ಎಂದರೆ, 'ಹರಕಿ ಇತ್ರಿ' ಎಂದ. ನಾನು ಇನ್ನೊಂದು ಹಾಕಿಸಿಕೊಂಡೆ.

ಯಾತರ ಹರಕೆ ಎಂದು ಗೊತ್ತಾದದ್ದು ಮೊನ್ನೆ, ಸರಕಾರಿ ದವಾಖಾನೆಯಲ್ಲಿ.

ಬಸಪ್ಪನಿಗೆ ಆಗಬಾರದ ಜಾಗದಲ್ಲಿ ಹುಣ್ಣಾಗಿತ್ತು. ನೋವಿಲ್ಲ, ಕೀವಿಲ್ಲ. ಡಾಕ್ಟರನ್ನು ಬಿಟ್ಟು ದೇವರಿಗೆ ಹೇಳಿಕೊಂಡ. ಕೆಲವು ವಾರಕ್ಕೆ ತಾನೇ ಮಾಯ್ದಿತು. ಊಟ ಹಾಕಿಸಿದ!

ಈಗ ಬಸುರಿ ಹೆಂಡತಿ ಶಾಂತವ್ವನ ರಕ್ತದಲ್ಲಿ ಸಿಫಿಲಿಸ್ ಸಿಕ್ಕಿದೆ. ಗಂಡನೂ ಬರಬೇಕು ಎಂದರು ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ಧಾರವಾಡದವರು. ಇವನು ನನ್ನನ್ನೂ ಎಳೆದುಕೊಂಡು ಹೋದ. ಮಡಗಾಂವ್‌ನಲ್ಲಿ ಚೌಕಾಸಿಯಿಂದಲೇ ಅಂಗಡಿ ಕಟ್ಟಿದವನು ನಾನು. ಇನ್ಯಾರನ್ನು ಕರೆದಾನು?

'ಇಬ್ಬರಿಗೂ ಪೆನಿಸಿಲಿನ್. ಕುಂಡಿಗೆ, ಎರಡೂ ಕಡೆ ಅರ್ಧರ್ಧ ಡೋಸ್' ಎಂದರು ಬಾಯಿ.

ಪುಕ್ಕಟೆ ಇಂಜೆಕ್ಷನ್ನಿಗೆ ದರ ಇಳಿಸುವುದು ಹೇಗೆ? ಡೋಸಿಗೇ ಕೈ ಹಾಕಿದೆ. 'ಹುಣ್ಣು ಹೋಗೇದಲ್ರಿ ಬಾಯಾರ. ಇವಂಗ ಒಂದ ಕಡೆ ಸಾಕು ಮಾಡ್ರಿ.'

'ಹುಣ್ಣು ಹೋಗೇದ, ರೋಗಾಣು ಹೋಗಿಲ್ರಿ. ರಕ್ತದಾಗಿನ ಬಿಳೇ ಕಣಗಳು ಓಡಿ ಬಂದು ಹುಣ್ಣಿನ್ಯಾಗ ಸಿಕ್ಕವನ್ನ ನುಂಗತಾವು. ಹುಣ್ಣು ಮಾಯತದ. ಅಷ್ಟರಾಗ ಉಳಿದ ರೋಗಾಣು ಮೈತುಂಬ ಹರಡಿರತಾವು. ಅವುಗಳ ಮೈಮ್ಯಾಲೆ ಗುರ್ತು ಕಡಿಮಿ. ಕಾವಲಿನ ಕಣಗಳಿಗೆ ತಿಳಿಯಂಗೇ ಇಲ್ಲ.'

(ಎಚ್‌ಐವಿ ಹೊಂಚು ಹಾಕುವುದೂ ಇಂಥ ಕಣಗಳಿಗೇ ಅಂತೆ. ಹುಣ್ಣಿನ ಬಾಯಲ್ಲಿ ಅವು ಗುಂಪಾಗಿ ನಿಂತಿರುತ್ತವೆ, ಅದಕ್ಕೇ ಹುಣ್ಣಿದ್ದವರಿಗೆ ಅದು ಸಲೀಸಾಗಿ ತಗಲುತ್ತದಂತೆ. ಹುಣ್ಣಾದರೆ ಮೊದಲು ದವಾಖಾನೆ, ಆಮೇಲೆ ದೇವರು. ಇದು ನನ್ನ ಪುಕ್ಕಟೆ ಸಲಹೆ.)

'ನಂಬರ್ ಪ್ಲೇಟ್ ಇಲ್ಲದ ಗಾಡಿ ಹಂಗ್ರಿ!' ಬಸಪ್ಪ ಅರಳಿದ. ತನ್ನ ಲೈನಿನ ಮಾತು ಬಂತಲ್ಲ!

'ಹೌದಪಾ. ಆ ಗಾಡಿ ನಿನ್ನಿಂದ ಹೆಂಡತಿಗೆ ದಾಟಿ ಈಗ ನಿನ್ನ ಕೂಸಿನ ಕಡೆ ಹೊಂಟದ. ನಿನ್ನೊಳಗ ಉಳಿದ್ರ ಮತ್ತ ಆಕಿಗೆ ದಾಟತದ. ಅರ್ಧ ಡೋಸ್ ಕೊಟ್ಟು ಅರ್ಧ ದಾರ್‍ಯಾಗ ನಿಲ್ಲಸಲೇನು?'

ಬಸಪ್ಪನ ಮುಖ ಇಳಿಯಿತು. ಸೆರಗು ಬಾಯಿಗೆ ಒತ್ತಿ ಕೂತಿದ್ದ ಶಾಂತವ್ವ ಎದ್ದಳು.

'ಆ ಹೂರಣ ರುಬ್ಬಿದಾಕಿ ನಾನು! ಯಾತಕ್ಕಂತ ಗೊತ್ತಿದ್ರ ಒಳಗ ಖಾರಪುಡಿ ತುಂಬತಿದ್ದೆ!' ಆಮೇಲೆ ನನ್ನ ಕಡೆ ತಿರುಗಿ, 'ಅಣ್ಣಾರ, ನೀವು ಚೌಕಾಸಿ ಮಾಡೋದಿದ್ರ ಒಂದ ಮಾಡ್ರಿ. ಇವಂಗ ದೊಡ್ಡ ಸೂಜಿ ಕೇಳ್ರಿ.'

ಕೇಳಿದೆ. (ಇರುವುದೇ ದೊಡ್ಡದಂತೆ.) ಇಬ್ಬರೂ ಎರಡೂ ಕಡೆ ಚುಚ್ಚಿಸಿಕೊಂಡರು. ಹೊತ್ತಿಗೆ ಸರಿಯಾಗಿ ಬಂದಿದ್ದಾರೆ, ಕೂಸು ಚಲೋ ಇರುವ ಭರವಸೆ ದೊಡ್ಡದು ಎಂದರು ಬಾಯಿ. ರೋಗ ಹೋಯಿತೋ ಇಲ್ಲವೋ ಎಂದು ಇಬ್ಬರ ರಕ್ತವನ್ನೂ ಮುಂದೆ ಮತ್ತೆ ನೋಡಬೇಕಂತೆ.

ಹೆರಿಗೆಯಾದರೆ ಮತ್ತೆ ಊಟವಂತೆ. ಹೋಗುತ್ತೇನೆ. ಆದರೆ ಎಲೆ ಮುಂದೆ ಕೂರುವ ಮೊದಲು ಕೇಳುತ್ತೇನೆ: 'ಬಸಪ್ಪ, ಈ ಸಲದ ಹೋಳಿಗೆ ರಿಪೋರ್ಟ್ ಬಂದ ಮ್ಯಾಲಿಂದೋ, ಮೊದಲಿಂದೋ?'